ಸಿಂಗಪುರ–ಕ್ವಾಲಾಲಂಪುರ: ಎಷ್ಟು ದೂರ, ಎಷ್ಟು ಹೊತ್ತು?

ಕಳೆದ ವರ್ಷ ಭಾವನವರನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಕ್ವಾಲಾಲಂಪುರದಿಂದ ಅಕ್ಕ ಫೋನು ಮಾಡಿದಾಗ, "ಮುಕ್ಕಾಲು ಗಂಟೆಯ ವಿಮಾನ ತಾನೆ, ಈಗಲೇ ಹೊರಟೆ" ಎಂದೆ. ಆಸ್ಪತ್ರೆ ಮುಟ್ಟುವಾಗ ಐದು ಗಂಟೆಯ ಮೇಲಾಗಿತ್ತು. ಭಾವನವರು ಈಗ ಗುಣವಾಗಿದ್ದಾರೆ. ಆದರೆ ಆ ದಿನದ ಲೆಕ್ಕ ಮನಸ್ಸಿನಲ್ಲಿ ಉಳಿದು, ಈ ದಾರಿಯ ಹಳೆಯ ಕಥೆಯನ್ನು ಕೆದಕುವಂತಾಯಿತು.

ಎರಡು ಊರುಗಳ ನಡುವೆ ಆಕಾಶಮಾರ್ಗದಲ್ಲಿ ಸುಮಾರು 300 ಕಿ.ಮೀ. ದೂರ. ಹೆಚ್ಚು ಕಡಮೆ ಬೆಂಗಳೂರಿಗೂ ಚೆನ್ನೈಗೂ ಇರುವಷ್ಟು. ಸಿಂಗಪುರದಲ್ಲಿ ಮೋಟಾರು ಮಾರುತ್ತಿದ್ದ ವೇರ್ನ್ ಸಹೋದರರ ಸಂಸ್ಥೆ ಇಲ್ಲಿ ನಿಯತ ವಿಮಾನ ಸಂಚಾರ ಆರಂಭಿಸಿತು. 1937ರ ಜೂನ್ 12ರಂದು ಕಲ್ಲಾಂಗ್ ವಿಮಾನ ನಿಲ್ದಾಣ ತೆರೆಯಿತು. ಅದೇ ತಿಂಗಳ 28ರಂದು ಅವರ ಡ್ರ್ಯಾಗನ್ ರಾಪಿಡ್ ವಿಮಾನ ಕ್ವಾಲಾಲಂಪುರದ ಮಾರ್ಗವಾಗಿ ಪಿನಾಂಗಿಗೆ ಹಾರಿತು. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ, ಮೇಲೊಂದು ಕೆಳಗೊಂದು ಜೋಡಿ ರೆಕ್ಕೆಗಳ ಪುಟ್ಟ ವಿಮಾನವದು. ವೇಗ ಗಂಟೆಗೆ 200 ಕಿ.ಮೀ.ಗಿಂತ ತುಸು ಹೆಚ್ಚು. ಅಂದರೆ ಕ್ವಾಲಾಲಂಪುರಕ್ಕೆ ಒಂದೂವರೆ ಗಂಟೆ. ರಾತ್ರಿ ರೈಲಿನಲ್ಲಿ ಮಲಗಿ ಬೆಳಿಗ್ಗೆ ಇಳಿಯುವುದೇ ವಾಡಿಕೆಯಾಗಿದ್ದ ಕಾಲ ಅದು. ಕಲ್ಲಾಂಗ್ ಊರಿನ ಮಗ್ಗುಲಲ್ಲೇ ಇತ್ತು. ಆ ಕಡೆಯ ಸುಂಗೈ ಬೆಸಿಯೂ ಪೇಟೆಗೆ ಹತ್ತಿರವೇ.

1942ರಲ್ಲಿ ಸಿಂಗಪುರ ಜಪಾನೀಯರ ವಶವಾಯಿತು. ಯುದ್ಧ ಮುಗಿದ ಮೇಲೆ, 1947ರ ಮೇ 1ರಂದು, ಮಲಯನ್ ಏರ್‌ವೇಸ್ ಐದು ಜನ ಕೂರುವ ಕಾನ್ಸುಲ್ ವಿಮಾನದಿಂದ ಇದೇ ದಾರಿಯಲ್ಲಿ ಮತ್ತೆ ಶುರುಮಾಡಿತು. ಆ ಒಂದು ಕಂಪನಿಯೇ 1972ರಲ್ಲಿ ಒಡೆದು ಇಂದಿನ ಸಿಂಗಪುರ್ ಏರ್‌ಲೈನ್ಸ್ ಮತ್ತು ಮಲೇಷಿಯಾದ ವಿಮಾನ ಸಂಸ್ಥೆಗಳಾದವು. ಅಷ್ಟರಲ್ಲಿ ದೇಶವೇ ಒಡೆದಿತ್ತು. 1965ರಲ್ಲಿ ಸಿಂಗಪುರ ಬೇರೆಯಾಯಿತು, 1967ರಲ್ಲಿ ಪಾಸ್‌ಪೋರ್ಟ್ ತಪಾಸಣೆ ಬಂತು. ಅಣ್ಣ ಈಚೆ ತಂಗಿ ಆಚೆ ಇದ್ದ ಎಷ್ಟೋ ಮನೆಗಳಿಗೆ ಪಕ್ಕದೂರು ಪರದೇಶವಾಯಿತು.

ಜೆಟ್ ವಿಮಾನಗಳು ಬಂದು ಹಾರಾಟದ ಹೊತ್ತು ಅರ್ಧಕ್ಕಿಳಿಯಿತು, ನಿಜ. ಆದರೆ ವಿಮಾನ ದೊಡ್ಡದಾದಂತೆಲ್ಲ ನಿಲ್ದಾಣಗಳು ದೂರ ಸರಿದವು. ಕಲ್ಲಾಂಗಿನಿಂದ 1955ರಲ್ಲಿ ಪಾಯಾ ಲೇಬಾರಿಗೆ, 1981ರಲ್ಲಿ ದ್ವೀಪದ ಪೂರ್ವ ತುದಿಯ ಚಾಂಗಿಗೆ. ಅಲ್ಲಿ 1965ರಲ್ಲಿ ಸುಬಾಂಗಿಗೆ, 1998ರಲ್ಲಿ ಊರಿಂದ ಸುಮಾರು 50 ಕಿ.ಮೀ. ಆಚೆಯ ಸೆಪಾಂಗಿಗೆ. ಇದರ ಮೇಲೆ ಎರಡು ದೇಶಗಳ ಸಾಲು, ಚೀಲದ ತಪಾಸಣೆ. ಆಕಾಶದಲ್ಲಿ ಉಳಿಸಿದ ಮುಕ್ಕಾಲು ಗಂಟೆಯನ್ನು ನೆಲದ ಮೇಲೆ ಬಡ್ಡಿ ಸಮೇತ ಕಟ್ಟುತ್ತಿದ್ದೇವೆ! ಆದರೂ ಜನ ಹಾರುವುದನ್ನು ಬಿಟ್ಟಿಲ್ಲ. 2018ರಲ್ಲಿ ಈ ದಾರಿಯಲ್ಲಿ 30,000ಕ್ಕೂ ಹೆಚ್ಚು ವಿಮಾನಗಳು ಓಡಾಡಿದವು. ಆ ವರ್ಷ ಯಾವ ಎರಡು ದೇಶಗಳ ನಡುವೆಯೂ ಇಷ್ಟು ಬಿಡುವಿಲ್ಲದ ದಾರಿ ಇನ್ನೊಂದಿರಲಿಲ್ಲ.

ಒಂದೂವರೆ ಗಂಟೆಯಲ್ಲಿ ಊರಿಂದ ಊರಿಗೆ ಮುಟ್ಟಿಸುವ ಅತಿವೇಗದ ರೈಲಿಗೆ 2016ರಲ್ಲಿ ಒಪ್ಪಂದವಾಗಿತ್ತು. 2020ರ ಕೊನೆಯ ದಿನಕ್ಕೆ ಅದು ರದ್ದಾಯಿತು. ಅಕ್ಕ ಆ ರೈಲಿಗಾಗಿ ಕಾದಿದ್ದಳು, ಅವಳಿಗೆ ವಿಮಾನವೆಂದರೆ ಭಯ.