ಬಿಡಾಯು

ಬೋರ್ನಿಯೊ ದ್ವೀಪದ ಮೂಲನಿವಾಸಿ ಜನಾಂಗ. ಮಲೇಷ್ಯಾದ ಸರವಾಕ್ ರಾಜ್ಯದ ಕುಚಿಂಗ್, ಸೆರಿಯನ್ ಸುತ್ತಲಿನ ಗುಡ್ಡಗಾಡು ಇವರ ನೆಲೆ. ಗಡಿಯಾಚೆ ಇಂಡೋನೇಷ್ಯಾದ ಪಶ್ಚಿಮ ಕಾಲಿಮಂಟನ್‌ನಲ್ಲೂ ಇದ್ದಾರೆ. ಕುಮರಿ ಬೇಸಾಯದ ಭತ್ತ ಹಳೆಯ ಕಸುಬು, ಕಾಳುಮೆಣಸು ಹಣದ ಬೆಳೆ. ಬಿದಿರಿನ ಬಳಕೆಯಲ್ಲಿ ಇವರ ಕೈಚಳಕ ನಿಜಕ್ಕೂ ದೊಡ್ಡದು: ಸೇತುವೆ, ನೆಲಹಾಸು, ನೀರು ಹರಿಸುವ ದೋಣಿ ಎಲ್ಲವೂ ಅದರದೇ. ಹಸಿ ಬಿದಿರಿನ ಅಂಡೆಗೆ ಕೋಳಿಮಾಂಸ ತುಂಬಿ, ಎಲೆಯಿಂದ ಬಾಯಿ ಮುಚ್ಚಿ ಕೆಂಡದಲ್ಲಿ ಬೇಯಿಸುತ್ತಾರೆ.

ಊರಿನ ಹೆಮ್ಮೆ ‘ಬಾರುಕ್’: ಎತ್ತರದ ಕಂಬಗಳ ಮೇಲಿನ, ಚೂಪು ಮಾಡಿನ ದುಂಡುಮನೆ. ನಡುವೆ ಒಲೆ, ಹಿಂದಿನ ಕಾಳಗಗಳಲ್ಲಿ ತಂದ ಶತ್ರುಗಳ ತಲೆಬುರುಡೆಗಳನ್ನು ಇಲ್ಲೇ ಕಾಪಾಡುತ್ತಿದ್ದರು. ಪಂಚಾಯಿತಿಕೆ, ಪೂಜೆಗಳೂ ಇಲ್ಲೇ ನಡೆಯುತ್ತಿದ್ದವು. ಭತ್ತಕ್ಕೂ ಆತ್ಮವಿದೆಯೆಂಬುದು ಪೂರ್ವಿಕರ ನಂಬಿಕೆ. ಈಗ ಬಹುಪಾಲು ಜನ ಕ್ರೈಸ್ತರು. ಆದರೂ ಸರವಾಕ್‌ನಲ್ಲಿ ಜೂನ್ 1ರ ಸುಗ್ಗಿಹಬ್ಬ ಗವಾಯ್ ತಪ್ಪುವುದಿಲ್ಲ.