ಬ್ರಿಟನ್ನಿನ ಭಾರತೀಯ ನೃತ್ಯಪತ್ರಿಕೆಗಳು

ಬ್ರಿಟನ್ನಿನಲ್ಲಿ ನೆಲೆ ನಿಂತ ಭಾರತ ಮತ್ತು ನೆರೆದೇಶಗಳ ಮೂಲದ ನರ್ತಕರು, ಗುರುಗಳು, ಸಂಘಟಕರು ಹಾಗೂ ರಸಿಕರಿಗಾಗಿ ಅಲ್ಲಿಂದಲೇ ಹೊರಟ ನಿಯತಕಾಲಿಕೆಗಳು. ‘ಎಕ್ಸ್‌ಟ್ರಡಿಷನ್’ ಮತ್ತು ‘ಪಲ್ಸ್’ ಇವುಗಳಲ್ಲಿ ಮುಖ್ಯವಾದವು. ಸಂಖ್ಯೆಯಲ್ಲಿ ಇವು ಕಡಿಮೆ, ಪ್ರಸಾರವೂ ದೊಡ್ಡದಲ್ಲ. ಆದರೂ ಪರದೇಶದಲ್ಲಿ ನಡೆದ ಭರತನಾಟ್ಯ, ಕಥಕ್, ಒಡಿಸ್ಸಿ ಪ್ರದರ್ಶನಗಳನ್ನು ಕಲೆಯ ಒಳಗಿನಿಂದ ನೋಡಿ ಬರೆದಿಟ್ಟ ದಾಖಲೆಯೆಂದರೆ ಬಹುಮಟ್ಟಿಗೆ ಇವೇ.

ಈ ಪತ್ರಿಕೆಗಳಿಗಿಂತ ಮೊದಲು ಬರೆಯುವ ಕೆಲಸ ಬ್ಯಾಲೆ ವಿಮರ್ಶಕರದಾಗಿತ್ತು. ಬೆಂಗಳೂರಿನ ರಾಮಗೋಪಾಲ್ 1939ರಲ್ಲಿ ಲಂಡನ್ನಿನಲ್ಲಿ ನರ್ತಿಸಿದಾಗ ಅವರನ್ನು ಕೊಂಡಾಡಿದವರಿಗೆ ಬ್ಯಾಲೆಯ ಬಗ್ಗೆ ಆಳವಾದ ತಿಳಿವಳಿಕೆಯಿತ್ತು. ಆದರೆ ಭಾರತೀಯ ನೃತ್ಯದ ಅಡವು (ಮೂಲ ಹೆಜ್ಜೆ), ಜತಿ (ಲಯದ ಸೊಲ್ಲುಕಟ್ಟು), ಸಂಚಾರಿ (ಭಾವದ ವಿಸ್ತಾರ) ಇವುಗಳ ಪರಿಚಯ ಇರಲಿಲ್ಲ. ಹಾಗಾಗಿ ಹೊಗಳಿಕೆಯ ಹೆಚ್ಚಿನ ಪಾಲು ಮೈಕಟ್ಟು, ಕಿರೀಟ, ಆಭರಣಗಳಿಗೇ ಸಂದಿತು. ನರ್ತಕ ತಾಳ ತಪ್ಪಿದರೆ ಅದನ್ನು ಗುರುತಿಸಬಲ್ಲ ಲೇಖನಿ ಆ ಊರಿನಲ್ಲಿ ಇರಲಿಲ್ಲವೆಂದರೆ ತೀರಾ ಕಟುವಾಗದು.

ಮುಂದೆ ಜನವೇ ಬಂದು ನೆಲೆಸಿದರು. ಪೂರ್ವ ಆಫ್ರಿಕದಿಂದ ಗುಜರಾತಿಗಳು, ಅದರಲ್ಲೂ 1972ರಲ್ಲಿ ಉಗಾಂಡದಿಂದ ಹೊರದೂಡಲ್ಪಟ್ಟವರು. 1983ರ ಗಲಭೆಗಳ ನಂತರ ಶ್ರೀಲಂಕೆಯ ತಮಿಳರು. ಭಾರತೀಯ ವಿದ್ಯಾಭವನದ ಲಂಡನ್ ಕೇಂದ್ರ 1972ರಲ್ಲಿ ತೆರೆಯಿತು. 1979ರಲ್ಲಿ ನರ್ತಕಿ ತಾರಾ ರಾಜ್‌ಕುಮಾರ್ ‘ಅಕಾಡೆಮಿ ಆಫ್ ಇಂಡಿಯನ್ ಡಾನ್ಸ್’ ಕಟ್ಟಿದರು. ಇಂದು ಅದರ ಹೆಸರು ‘ಅಕಾಡೆಮಿ’. ಅರಂಗೇಟ್ರಂಗಳು, ಅಂದರೆ ಶಿಷ್ಯರ ರಂಗಪ್ರವೇಶಗಳು, ಹೆಚ್ಚಿದವು, ಜೊತೆಗೆ ಅವುಗಳ ಸ್ಮರಣ ಸಂಚಿಕೆಗಳೂ. ಗುರುವಿನ ಹರಕೆ, ನೆಂಟರಿಷ್ಟರ ಶುಭಾಶಯ, ಪರಿಚಿತ ವ್ಯಾಪಾರಿಗಳ ಜಾಹೀರಾತು, ಹುಡುಗಿಯ ಬಣ್ಣದ ಚಿತ್ರ: ವಲಸಿಗರ ನೃತ್ಯಲೋಕದ ಮೊದಲ ಅಚ್ಚುಕೆಲಸ ಇದು. ಇದನ್ನು ಕಡೆಗಣಿಸಬಾರದು, ಏಕೆಂದರೆ ಯಾವ ಊರಿನಲ್ಲಿ ಯಾವ ಗುರುವಿನ ಬಳಿ ಯಾರು ಕಲಿತರೆಂಬ ಮಾಹಿತಿ ಎಷ್ಟೋ ಸಲ ಸಿಗುವುದು ಇಲ್ಲಿ ಮಾತ್ರ. ಆದರೆ ಇಲ್ಲಿ ವಿಮರ್ಶೆಗೆ ಎಡೆಯಿಲ್ಲ. ಮನೆಯ ಶುಭಕಾರ್ಯದಲ್ಲಿ ತಪ್ಪು ಎತ್ತಿ ಆಡುವವರುಂಟೆ?

ಪತ್ರಿಕೆಯ ಹುಟ್ಟಿಗೆ ನಿಜವಾದ ಕಾರಣ ಬೇರೆಡೆ ಇದೆ. 1976ರಲ್ಲಿ ನಸೀಮ್ ಖಾನ್ ಬರೆದ ‘ದಿ ಆರ್ಟ್ಸ್ ಬ್ರಿಟನ್ ಇಗ್ನೋರ್ಸ್’ ಎಂಬ ವರದಿ, ವಲಸಿಗರ ಕಲೆಗಳಿಗೆ ಸಾರ್ವಜನಿಕ ನೆರವು ಸಿಗುತ್ತಿಲ್ಲವೆಂಬುದನ್ನು ಎತ್ತಿ ತೋರಿಸಿತು. ಕ್ರಮೇಣ ಆರ್ಟ್ಸ್ ಕೌನ್ಸಿಲ್‌ನ ಅನುದಾನ ಇತ್ತ ಹರಿಯತೊಡಗಿತು. ಹಣ ಪಡೆದ ಸಂಸ್ಥೆಗಳಿಗೆ ತಮ್ಮ ಕೆಲಸವನ್ನು ಸಾರಲು, ಚದುರಿಹೋದ ಕಲಾವಿದರನ್ನು ಒಂದುಗೂಡಿಸಲು ಸುದ್ದಿಪತ್ರ ಬೇಕಾಯಿತು. ಬ್ರ್ಯಾಡ್‌ಫರ್ಡ್‌ನಲ್ಲಿ ನೆಲೆಗೊಂಡಿದ್ದ ‘ಅದಿತಿ’ ಎಂಬ ರಾಷ್ಟ್ರೀಯ ನೃತ್ಯ ಸಂಸ್ಥೆ ‘ಎಕ್ಸ್‌ಟ್ರಡಿಷನ್’ ಹೊರತಂದದ್ದು ಈ ಹಿನ್ನೆಲೆಯಲ್ಲಿ. ಆ ಸಂಸ್ಥೆ ಮುಚ್ಚಿದ ಬಳಿಕ ಬೆಡ್‌ಫರ್ಡ್‌ನ ‘ಕದಂ’ ಸಂಸ್ಥೆ 2002ರಲ್ಲಿ ‘ಪಲ್ಸ್’ ಆರಂಭಿಸಿತು. ಕದಂ ಸಂಸ್ಥೆಯ ಸಂಜೀವಿನಿ ದತ್ತ ಬಹುಕಾಲ ಅದರ ಸಂಪಾದಕಿಯಾಗಿದ್ದರು. ನೃತ್ಯದ ಜೊತೆಗೆ ಸಂಗೀತವೂ ಅದರ ಪುಟಗಳಿಗೆ ಬಂತು.

ಮದ್ರಾಸಿನ ‘ಶ್ರುತಿ’ ಪತ್ರಿಕೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಮೆರಿಕದಲ್ಲಿ ಹಲವು ವರ್ಷ ಇದ್ದು ಮರಳಿದ ಎನ್. ಪಟ್ಟಾಭಿರಾಮನ್ 1983ರಲ್ಲಿ ಅದನ್ನು ಆರಂಭಿಸಿದಾಗ ಸಭೆಗಳು, ಡಿಸೆಂಬರಿನ ಕಚೇರಿ ಋತು, ದಿನಪತ್ರಿಕೆಗಳ ವಿಮರ್ಶಕರು, ಜಗಳ ಕಾಯಲು ಸಿದ್ಧರಿದ್ದ ರಸಿಕರು ಎಲ್ಲವೂ ಮೊದಲೇ ಇದ್ದವು. ಬ್ರಿಟನ್ನಿನ ಪತ್ರಿಕೆ ತನ್ನ ಓದುಗರನ್ನೂ ಬರಹಗಾರರನ್ನೂ ತಾನೇ ಬೆಳೆಸಿಕೊಳ್ಳಬೇಕಿತ್ತು. ಅಲ್ಲಿ ವಿಮರ್ಶೆ ಬರೆದವರಲ್ಲಿ ಅನೇಕರು ಸ್ವತಃ ನರ್ತಕರು. ಈ ತಿಂಗಳು ಯಾರ ಪ್ರದರ್ಶನವನ್ನು ಅಳೆದು ತೂಗಿದರೋ ಮುಂದಿನ ತಿಂಗಳು ಅವರೊಂದಿಗೇ ವೇದಿಕೆ ಏರಬೇಕಾದೀತು, ಅಥವಾ ಅವರ ಉತ್ಸವದ ಜಾಹೀರಾತೇ ಪತ್ರಿಕೆಗೆ ಬೇಕಾದೀತು. ಇಷ್ಟು ಚಿಕ್ಕ ಊರಿನಂಥ ಲೋಕದಲ್ಲಿ ಬರಹದ ಧಾಟಿ ಮೆತ್ತಗಾದದ್ದು ಸಹಜ. ಹಳೆಯ ಸಂಚಿಕೆ ಓದುವವರು ಹೊಗಳಿಕೆಯಲ್ಲಿ ಬಿಟ್ಟುಹೋದದ್ದೇನೆಂದು ಹುಡುಕುವುದು ಒಳ್ಳೆಯದು.

ಖಾರ ಕಾಣಿಸುತ್ತಿದ್ದುದು ಬೇರೆ ವಿಷಯಗಳಲ್ಲಿ. ನೃತ್ಯಸಂಯೋಜಕರಾದ ಶೋಭನಾ ಜಯಸಿಂಗ್ ತಮ್ಮ ತಂಡವನ್ನು 1988ರಲ್ಲಿ, ಅಕ್ರಂ ಖಾನ್ 2000ದಲ್ಲಿ ಕಟ್ಟಿದರು. ಭರತನಾಟ್ಯದ ಅಥವಾ ಕಥಕ್‌ನ ಅಂಗಭಾಷೆಯನ್ನು ಒಡೆದು ಕಟ್ಟಿದ ಇವರ ಕೃತಿಗಳಿಗೆ ದೊಡ್ಡ ರಂಗಮಂದಿರಗಳು ದೊರೆತವು. ಮಾರ್ಗಂ ಎಂಬ ಸಾಂಪ್ರದಾಯಿಕ ಪ್ರದರ್ಶನ ಪದ್ಧತಿಯಲ್ಲೇ ದುಡಿದವರಿಗೆ ಶಾಲೆಯ ಸಭಾಂಗಣ ಉಳಿಯಿತು. ಅನುದಾನ ಹೊಸತಿಗೇ ಏಕೆ, ಮಕ್ಕಳಿಗೆ ಪಾಠ ಹೇಳುವವರಿಗೆ ಏಕಿಲ್ಲ ಎಂಬ ಪ್ರಶ್ನೆ ಇಡೀ ವಲಯವನ್ನು ಕಾಡಿತು. 1999ರಲ್ಲಿ ಇಂಪೀರಿಯಲ್ ಸೊಸೈಟಿ ಆಫ್ ಟೀಚರ್ಸ್ ಆಫ್ ಡಾನ್ಸಿಂಗ್ ಭರತನಾಟ್ಯ, ಕಥಕ್‌ಗಳಿಗೆ ಪರೀಕ್ಷೆಯ ವಿಭಾಗ ತೆರೆಯಿತು. ಶ್ರೇಣಿ, ಅಂಕ, ಪ್ರಮಾಣಪತ್ರಗಳಿಂದ ಗುರು-ಶಿಷ್ಯರ ಸಂಬಂಧ ಏನಾದೀತೆಂಬ ಆತಂಕವೂ ಸೇರಿತು.

ಭಾಷೆಯ ವಿಷಯದಲ್ಲಿ ಆಯ್ಕೆ ಇರಲಿಲ್ಲ. ಬಂಗಾಳಿ, ಗುಜರಾತಿ, ತಮಿಳು ಮನೆಮಾತಿನವರನ್ನೂ ಬ್ರಿಟನ್ನಿನಲ್ಲೇ ಹುಟ್ಟಿದ ಮಕ್ಕಳನ್ನೂ ಸೇರಿಸಬಲ್ಲದ್ದು ಇಂಗ್ಲಿಷ್ ಒಂದೇ. ಪ್ರತ್ಯೇಕ ನೃತ್ಯಪತ್ರಿಕೆಯ ವಿಷಯದಲ್ಲಿ ಅಮೆರಿಕದ ದಾರಿ ಬೇರೆಯಾಯಿತು. ಕ್ಯಾಲಿಫೋರ್ನಿಯಾದಲ್ಲಿ 1987ರಲ್ಲಿ ಶುರುವಾದ ‘ಇಂಡಿಯಾ ಕರೆಂಟ್ಸ್’ನಂಥ ಸಾಮಾನ್ಯ ಪತ್ರಿಕೆಗಳೇ ಕಲಾಸುದ್ದಿಗೂ ಕಾರ್ಯಕ್ರಮಪಟ್ಟಿಗೂ ಜಾಗ ಕೊಟ್ಟವು. ಅಲ್ಲಿನ ಕನ್ನಡಿಗರ ಕಲಾಬರಹ ಅವರ ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿ ಹಂಚಿಹೋಯಿತು.

ಅಚ್ಚಿನ ಪತ್ರಿಕೆಗೆ ಪೆಟ್ಟು ಕೊಟ್ಟದ್ದು ಮೊದಲಿಗೆ ಭಾರತವೇ. ಚೆನ್ನೈನ ಅನಿತಾ ರತ್ನಂ 1992ರಲ್ಲಿ ಪುಸ್ತಕವಾಗಿ ತಂದಿದ್ದ ‘ನರ್ತಕಿ’ ಎಂಬ ನೃತ್ಯ ವಿಳಾಸಕೋಶ 2000ದಲ್ಲಿ ಅಂತರಜಾಲಕ್ಕೆ ಏರಿತು. ಎಲ್ಲ ದೇಶಗಳ ನರ್ತಕರ ಸುದ್ದಿಯೂ ವಿಮರ್ಶೆಯೂ ಚಂದಾ ಇಲ್ಲದೆ ಸಿಗತೊಡಗಿತು. ಆದರೆ ಬೆಂಗಳೂರಿನಿಂದ ಆಶಿಶ್ ಖೋಕರ್ 1998ರಿಂದ ತಂದ ‘ಅಟೆಂಡಾನ್ಸ್’ ವಾರ್ಷಿಕ ಸಂಪುಟದ ಹಾದಿ ಹಿಡಿದು ಅಚ್ಚಿನಲ್ಲೇ ಮುಂದುವರಿಯಿತು. ‘ನರ್ತಕಿ’ಯ ಹಾಗೆ ‘ಪಲ್ಸ್’ ಕೂಡ ತನ್ನ ಬರಹಗಳನ್ನು ಜಾಲತಾಣಕ್ಕೆ ಒಯ್ದಿತು. ಈ ನಡುವೆ ಈ ನೃತ್ಯ ಪತ್ರಿಕೆಗಳ ಆಚೆಗಿನ ಮಾಧ್ಯಮಕ್ಕೂ ತಲುಪಿತು: 2015ರಲ್ಲಿ ಬಿಬಿಸಿ ಆರಂಭಿಸಿದ ಯುವ ನರ್ತಕರ ಸ್ಪರ್ಧೆಯಲ್ಲಿ ಬ್ಯಾಲೆಯ ಜೊತೆಗೆ ದಕ್ಷಿಣ ಏಷ್ಯಾ ನೃತ್ಯಕ್ಕೂ ಒಂದು ವಿಭಾಗವಿತ್ತು.