ಹೂದೋಟದ ಫಾರ್ವರ್ಡ್‌ಗಳು: ಯಾವ ಗಿಡಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

“ರಾತ್ರಿರಾಣಿ ಗಿಡ ಕಿತ್ತು ಹಾಕಿ, ಹಾವು ಬರುತ್ತದೆ.” “ಈ ಎಲೆ ಬಾಯಿಗೆ ಹೋದರೆ ಮಗು ಒಂದೇ ನಿಮಿಷದಲ್ಲಿ ಸಾಯುತ್ತದೆ.” “ನಿತ್ಯಪುಷ್ಪದ ಎಲೆ ಅಗಿದರೆ ಶುಗರ್ ಮಾಯ.” ಮನೆಯ ಹೂಗಿಡಗಳ ಬಗ್ಗೆ ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ವರ್ಷವಿಡೀ ಸುತ್ತುತ್ತಿರುತ್ತವೆ. ಒಂದನ್ನು ನಂಬಿ ಕೆಲವರು ಚೆನ್ನಾಗಿ ಬೆಳೆದ ಬಳ್ಳಿ ಕಡಿಯುತ್ತಾರೆ. ಇನ್ನೊಂದನ್ನು ನಂಬಿ ಕೆಲವರು ತಿನ್ನಬಾರದ ಎಲೆ ತಿನ್ನುತ್ತಾರೆ.

ಮೈಸೂರಿನ ಹೆಬ್ಬಾಳವನ್ನೇ ತೆಗೆದುಕೊಳ್ಳಿ. ಒಂದು ಕಡೆ ಕೈಗಾರಿಕಾ ಪ್ರದೇಶ ಮತ್ತು ಇನ್ಫೋಸಿಸ್ ಕ್ಯಾಂಪಸ್, ಇನ್ನೊಂದು ಕಡೆ ಹೆಬ್ಬಾಳ ಕೆರೆ, ನಡುವೆ ಸಾಲು ಸಾಲು ಮನೆಗಳು. ಇಂಥ ಬಡಾವಣೆಗಳಲ್ಲಿ ನಿವೇಶನ ಎಷ್ಟೇ ಚಿಕ್ಕದಿರಲಿ, ಗೇಟಿನ ಪಕ್ಕದ ಎರಡಡಿ ಮಣ್ಣಿನಲ್ಲಿ ದಾಸವಾಳ, ಕಾಂಪೌಂಡಿನ ಮೇಲೆ ಬೋಗನ್‌ವಿಲ್ಲಾ, ಮೆಟ್ಟಿಲ ಮೇಲೆ ಕುಂಡಗಳು, ಹಾಲ್‌ನಲ್ಲಿ ಮನಿ ಪ್ಲಾಂಟ್ ಇದ್ದೇ ಇರುತ್ತವೆ. ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನ ನೋಡಿ ಬಂದ ಮೇಲೆ ಇನ್ನೆರಡು ಗಿಡ ಸೇರಿಕೊಳ್ಳುತ್ತವೆ. ಹಾಗಾಗಿ ಈ ಸಂದೇಶಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಒಂದೊಂದಾಗಿ ನೋಡೋಣ. ಮೊದಲೇ ಹೇಳಿಬಿಡುತ್ತೇವೆ: ಫಾರ್ವರ್ಡ್‌ಗಳು ಹೆದರಿಸುವ ಗಿಡಗಳಿಗಿಂತ ಅವು ಹೆಸರೇ ಎತ್ತದ ಒಂದು ಗಿಡ ಮತ್ತು ಒಂದು ತಟ್ಟೆ ಹೆಚ್ಚು ಅಪಾಯಕಾರಿ.

ಹೂವಿನ ಪರಿಮಳಕ್ಕೆ ಹಾವು ಬರುತ್ತದೆಯೇ?

ಇಲ್ಲ. ಮಲ್ಲಿಗೆ, ರಾತ್ರಿರಾಣಿ, ಸಂಪಿಗೆಯ ಪರಿಮಳದಿಂದ ಹಾವಿಗೆ ಆಗಬೇಕಾದ್ದು ಏನೂ ಇಲ್ಲ. ಅದು ಮಕರಂದ ಹೀರುವ ಪ್ರಾಣಿಯಲ್ಲ. ನಾಲಗೆ ಹೊರಚಾಚಿ ಗಾಳಿ ಮತ್ತು ನೆಲದ ವಾಸನೆಯ ಕಣಗಳನ್ನು ಹಿಡಿದು, ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸುತ್ತದೆ. ಹಾಗೆ ಅದು ಹುಡುಕುವುದು ಇಲಿ, ಕಪ್ಪೆ, ಹಲ್ಲಿಯನ್ನು, ಇಲ್ಲವೇ ಸಂಗಾತಿಯನ್ನು.

ಹಾಗಾದರೆ ಮಲ್ಲಿಗೆ ಪೊದೆಯ ಬಳಿ ಹಾವು ಕಂಡದ್ದು ಸುಳ್ಳೇ? ಸುಳ್ಳಿರಬೇಕಿಲ್ಲ. ರಾತ್ರಿ ಅರಳುವ ಹೂವಿಗೆ ಪತಂಗಗಳು ಬರುತ್ತವೆ, ಅವನ್ನು ತಿನ್ನಲು ಹಲ್ಲಿ, ಕಪ್ಪೆ ಬರುತ್ತವೆ. ಬುಡ ಸವರದ ದಟ್ಟ ಪೊದೆ ತಂಪಾಗಿದ್ದು ಅಡಗಿಕೊಳ್ಳಲು ಜಾಗ ಕೊಡುತ್ತದೆ. ಇದೇ ತಂಪು, ಇದೇ ಆಹಾರ ಪಕ್ಕದ ಖಾಲಿ ಸೈಟಿನ ಕಳೆಯಲ್ಲೂ, ಇಟ್ಟಿಗೆ ರಾಶಿಯಲ್ಲೂ, ಕಸದ ಗುಡ್ಡೆಯಲ್ಲೂ ಸಿಗುತ್ತದೆ. ಕೆರೆಯ ಹತ್ತಿರದ ಮನೆಗಳಿಗೆ ಕಪ್ಪೆಗಳ ಜೊತೆ ಹಾವೂ ಬರುವುದು ಸಹಜ.

ಆದ್ದರಿಂದ ಗಿಡ ಕಡಿಯಬೇಡಿ. ನೆಲದಿಂದ ಒಂದು ಅಡಿಯವರೆಗೆ ಕೊಂಬೆ ಸವರಿ ಬುಡ ಕಾಣುವಂತೆ ಇಡಿ. ಕಲ್ಲು, ಸೌದೆ ರಾಶಿಯನ್ನು ಗೋಡೆಯಿಂದ ದೂರ ಇಡಿ, ಇಲಿಬಿಲ ಮುಚ್ಚಿ, ರಾತ್ರಿ ಅಂಗಳಕ್ಕಿಳಿಯುವಾಗ ಟಾರ್ಚ್ ಹಿಡಿಯಿರಿ. “ಈ ಗಿಡ ನೆಟ್ಟರೆ ಹಾವು ಓಡಿಹೋಗುತ್ತದೆ” ಎಂಬ ಸಂದೇಶಕ್ಕೂ ಆಧಾರವಿಲ್ಲ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೋಗಿ. ಕರ್ನಾಟಕದಲ್ಲಿ 2024ರಿಂದ ಪ್ರತಿ ಹಾವು ಕಡಿತದ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ.

ಇನ್ನೊಂದು ಮಾತು. ರಾತ್ರಿರಾಣಿ ಮಲ್ಲಿಗೆಯ ಜಾತಿಯೇ ಅಲ್ಲ. ಅದು ಬದನೆ, ಟೊಮೆಟೊ ಕುಟುಂಬದ ಗಿಡ. ಅದರ ಎಲೆ ಮತ್ತು ಸಣ್ಣ ಬಿಳಿ ಹಣ್ಣು ವಿಷಕಾರಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ರಾತ್ರಿರಾಣಿಯ ಬಗ್ಗೆ ಎಚ್ಚರ ಬೇಕಿರುವುದು ಹಾವಿನ ಕಾರಣಕ್ಕಲ್ಲ, ಹಣ್ಣಿನ ಕಾರಣಕ್ಕೆ.

“ಒಂದೇ ನಿಮಿಷದಲ್ಲಿ ಕೊಲ್ಲುವ ಎಲೆ”

ಹಸಿರು ಎಲೆಯ ಮೇಲೆ ಬಿಳಿ ಚುಕ್ಕೆಗಳಿರುವ ಡಿಫೆನ್‌ಬೇಕಿಯಾ ಗಿಡದ ಚಿತ್ರದೊಂದಿಗೆ ಈ ಸಂದೇಶ ಹಲವು ಭಾಷೆಗಳಲ್ಲಿ ಓಡಾಡಿದೆ. ಮಗು ಒಂದು ನಿಮಿಷದಲ್ಲಿ, ದೊಡ್ಡವರು ಹದಿನೈದು ನಿಮಿಷದಲ್ಲಿ ಸಾಯುತ್ತಾರೆ ಎಂಬುದು ಅದರ ಸಾರ. ಇದು ಅತಿಶಯೋಕ್ತಿ. ಆದರೆ ಪೂರ್ತಿ ಕಟ್ಟುಕತೆಯಲ್ಲ.

ಈ ಗಿಡ ಕೆಸವು ಮತ್ತು ಸುವರ್ಣಗಡ್ಡೆಯ ಕುಟುಂಬಕ್ಕೆ ಸೇರಿದ್ದು. ಪತ್ರೊಡೆ ಮಾಡುವವರಿಗೆ ಗೊತ್ತು, ಕೆಸುವಿನ ಎಲೆಗೆ ಹುಣಸೆಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ. ಅದಕ್ಕೆ ಕಾರಣ ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳು. ಡಿಫೆನ್‌ಬೇಕಿಯಾದಲ್ಲಿರುವುದೂ ಇವೇ, ಆದರೆ ಇನ್ನಷ್ಟು ತೀಕ್ಷ್ಣವಾಗಿ. ಕಚ್ಚಿದ ಕೂಡಲೇ ಬಾಯಿ ಉರಿಯುತ್ತದೆ, ನಾಲಗೆ ಊದಿಕೊಳ್ಳುತ್ತದೆ, ಜೊಲ್ಲು ಸುರಿಯುತ್ತದೆ, ಸ್ವಲ್ಪ ಹೊತ್ತು ಮಾತು ಕಷ್ಟವಾಗಬಹುದು. ಉರಿ ತಾಳಲಾರದೆ ಮಗು ಎಲೆಯನ್ನು ಉಗಿದುಬಿಡುವುದರಿಂದ ಹೊಟ್ಟೆಗೆ ಹೋಗುವುದು ಕಡಿಮೆ. ಬಹುತೇಕ ಪ್ರಕರಣಗಳು ತಾವಾಗಿ ವಾಸಿಯಾಗುತ್ತವೆ, ಸಾವು ತೀರಾ ಅಪರೂಪ. ಊತ ಗಂಟಲಿಗಿಳಿದು ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ತುರ್ತು. ಮನಿ ಪ್ಲಾಂಟ್ ಕೂಡ ಇದೇ ಕುಟುಂಬದ್ದು, ಅದರಲ್ಲೂ ಇದೇ ಹರಳುಗಳಿವೆ. ಎರಡನ್ನೂ ತೆವಳುವ ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಇಟ್ಟರೆ ಸಾಕು.

ಯಾರೂ ಫಾರ್ವರ್ಡ್ ಮಾಡದ ಗಿಡ: ಕಣಗಿಲೆ

ಈಗ ನಿಜವಾಗಿ ಎಚ್ಚರ ಬೇಕಾದ ಗಿಡಕ್ಕೆ ಬರೋಣ. ಕಣಗಿಲೆ ಬಿಸಿಲು, ನೀರಿನ ಕೊರತೆ ಎರಡನ್ನೂ ತಡೆದುಕೊಳ್ಳುತ್ತದೆ, ವರ್ಷದ ಹೆಚ್ಚು ಕಾಲ ಹೂ ಬಿಡುತ್ತದೆ, ದನ ಮೇಕೆಗಳು ಮೂಸಿ ಬಿಟ್ಟುಬಿಡುತ್ತವೆ. ಅದಕ್ಕೇ ಹೆದ್ದಾರಿಯ ನಡುವಿನ ವಿಭಜಕದಲ್ಲೂ ಮನೆಯ ಕಾಂಪೌಂಡಿನಲ್ಲೂ ಅದು ಇರುತ್ತದೆ. ದೇವರ ಪೂಜೆಗೂ ಬೇಕು. ಇಷ್ಟು ಪರಿಚಯದ ಗಿಡವಾದ್ದರಿಂದಲೇ ಯಾರಿಗೂ ಅದರ ಮೇಲೆ ಅನುಮಾನವಿಲ್ಲ.

ಕಣಗಿಲೆಯ ಎಲೆ, ಹೂ, ಕಾಂಡ, ಬೇರು, ಹಾಲು ಎಲ್ಲದರಲ್ಲೂ ಹೃದಯದ ಬಡಿತವನ್ನೇ ಏರುಪೇರು ಮಾಡುವ ರಾಸಾಯನಿಕಗಳಿವೆ. ಮುಖ್ಯವಾದದ್ದು ಓಲಿಯಾಂಡ್ರಿನ್. ಇದು ಹೃದ್ರೋಗಕ್ಕೆ ವೈದ್ಯರು ಅಳೆದು ಕೊಡುವ ಡಿಗಾಕ್ಸಿನ್ ಔಷಧಿಯ ಬಳಗದ್ದು. ಒಣಗಿದ ಎಲೆಯಲ್ಲೂ ವಿಷ ಉಳಿಯುತ್ತದೆ. ಹಳದಿ ಕಣಗಿಲೆಯೂ ಇಷ್ಟೇ ಅಪಾಯಕಾರಿ, ಅದರ ಕಾಯಿಯೊಳಗಿನ ಬೀಜವಂತೂ ಇನ್ನೂ ಹೆಚ್ಚು.

2024ರಲ್ಲಿ ಕೇರಳದಲ್ಲಿ ಯುವತಿಯೊಬ್ಬರ ಸಾವಿಗೆ ಕಣಗಿಲೆ ಅಗಿದದ್ದು ಕಾರಣವಿರಬಹುದೆಂಬ ಶಂಕೆ ಮೂಡಿತು. ಆ ವರ್ಷದ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ ಮತ್ತು ಪ್ರಸಾದದಲ್ಲಿ ಕಣಗಿಲೆ ಹೂ ಬಳಸುವುದನ್ನು ನಿಲ್ಲಿಸಿತು. ಈ ಎಚ್ಚರಿಕೆ ನಮ್ಮ ಮನೆಗಳಿಗೂ ಸರಿಯಾಗಿಯೇ ಅನ್ವಯಿಸುತ್ತದೆ. ದೇವರಿಗೆ ಏರಿಸಿದ ಕಣಗಿಲೆ ತೀರ್ಥದ ಬಟ್ಟಲಿಗೆ, ಪ್ರಸಾದದ ತಟ್ಟೆಗೆ ಬೀಳದಂತೆ ನೋಡಿಕೊಳ್ಳಿ.

ಇನ್ನೂ ಎರಡು ಮುಖ್ಯ ಸಂಗತಿಗಳಿವೆ. ಸವರಿದ ಕಣಗಿಲೆ ಕೊಂಬೆಯನ್ನು ರಸ್ತೆ ಬದಿಗೆ ಎಸೆಯಬೇಡಿ. ಹಸಿ ಎಲೆ ಕಹಿಯೆಂದು ಬಿಡುವ ದನ, ಬಾಡಿದ ಎಲೆಯನ್ನು ಬೇರೆ ಸೊಪ್ಪಿನ ಜೊತೆ ತಿಂದುಬಿಡಬಹುದು, ಹಾಗೆ ತಿಂದು ಸಾಯುವುದೂ ಉಂಟು. ಕೊಂಬೆಯನ್ನು ಸುಡಲೂಬೇಡಿ, ಹೊಗೆಯೂ ಒಳ್ಳೆಯದಲ್ಲ. ಮೂಟೆ ಕಟ್ಟಿ ಕಸದ ಗಾಡಿಗೆ ಕೊಡಿ, ಆಮೇಲೆ ಕೈ ತೊಳೆಯಿರಿ.

ಉಮ್ಮತ್ತಿ, ಗುಲಗಂಜಿ, ಹರಳು ಗಿಡಗಳ ಬೀಜ, ಅಗ್ನಿಶಿಖೆ ಅಥವಾ ಗೌರಿ ಹೂವಿನ ಬಳ್ಳಿಯ ಗೆಡ್ಡೆ ಇವೂ ಇದೇ ಸಾಲಿನವು. ಗುಲಗಂಜಿಯ ಕೆಂಪು-ಕಪ್ಪು ಬೀಜ ಚೆಂದ ಕಾಣುತ್ತದೆಂದು ಮಕ್ಕಳು ಆಡಿಕೊಳ್ಳಲು ಆರಿಸುತ್ತಾರೆ, ಹಾಗಾಗಿ ಅದರ ಬಗ್ಗೆ ವಿಶೇಷ ಎಚ್ಚರ ಇರಲಿ.

ನಿತ್ಯಪುಷ್ಪ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆಯೇ?

ನಿತ್ಯಪುಷ್ಪ, ಸದಾಪುಷ್ಪ, ಕಾಶಿ ಕಣಗಿಲೆ ಎಂದೆಲ್ಲ ಕರೆಯುವ ಈ ಗಿಡದ ಮೂಲ ಮಡಗಾಸ್ಕರ್. ಸಕ್ಕರೆ ಕಾಯಿಲೆಗೆ ಇದರ ಕಷಾಯ ಕುಡಿಯುವ ರೂಢಿ ಹಲವು ದೇಶಗಳಲ್ಲಿತ್ತು. 1950ರ ದಶಕದಲ್ಲಿ ಜಮೈಕಾದಿಂದ ಬಂದ ಎಲೆಗಳನ್ನು ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಪರೀಕ್ಷಿಸಿದರು. ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ ರಕ್ತದ ಸಕ್ಕರೆಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಸಾರವನ್ನು ಚುಚ್ಚಿದಾಗ ಬಿಳಿ ರಕ್ತಕಣಗಳು ಕುಸಿದು ಇಲಿಗಳು ಸೋಂಕಿನಿಂದ ಸತ್ತವು.

ಆ ಸುಳಿವು ಹಿಡಿದು ಹೋದಾಗ ಸಿಕ್ಕವು ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್. ಇಂದಿಗೂ ರಕ್ತದ ಕ್ಯಾನ್ಸರ್‌ನಂಥ ಕಾಯಿಲೆಗೆ ಬಳಸುವ ಔಷಧಿಗಳಿವು. ಅಂದರೆ ಗಿಡದಲ್ಲಿ ಔಷಧಿ ಇರುವುದು ನಿಜ, ಆದರೆ ಅದು ಸಕ್ಕರೆ ಕಾಯಿಲೆಯದ್ದಲ್ಲ, ಮನೆಯಲ್ಲಿ ಎಲೆ ಎಣಿಸಿ ತಿನ್ನುವಂಥದ್ದೂ ಅಲ್ಲ. ಇದನ್ನು ನಂಬಿ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸುವುದಂತೂ ದೊಡ್ಡ ಅಪಾಯ. ಹೂ ನೋಡಿ, ಪೂಜೆಗೆ ಬಳಸಿ, ತಿನ್ನಬೇಡಿ.

ಗಿಡ ಗಾಳಿ ಶುದ್ಧ ಮಾಡುತ್ತದೆಯೇ? ರಾತ್ರಿ ಉಸಿರುಗಟ್ಟಿಸುತ್ತದೆಯೇ?

ಎರಡೂ ಉತ್ಪ್ರೇಕ್ಷೆ. ಮೊದಲನೆಯದು 1989ರ ನಾಸಾ ಅಧ್ಯಯನದಿಂದ ಹುಟ್ಟಿದ್ದು. ಆ ಪ್ರಯೋಗ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದ ಸಂಶೋಧಕರು, ಸಾಮಾನ್ಯ ಗಾಳಿಯಾಟ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದರು. ಅದಕ್ಕಿಂತ ಕಿಟಕಿ ತೆರೆಯುವುದು ಸುಲಭ.

ರಾತ್ರಿ ಗಿಡಗಳು ಇಂಗಾಲದ ಡೈಆಕ್ಸೈಡ್ ಬಿಡುವುದು ನಿಜ. ಆದರೆ ಪಕ್ಕದಲ್ಲಿ ಮಲಗಿದ ಒಬ್ಬ ಮನುಷ್ಯ ಬಿಡುವುದಕ್ಕೆ ಹೋಲಿಸಿದರೆ ಒಂದೆರಡು ಕುಂಡದ ಪಾಲು ಲೆಕ್ಕಕ್ಕಿಲ್ಲ. “ಸ್ನೇಕ್ ಪ್ಲಾಂಟ್ ರಾತ್ರಿ ಆಮ್ಲಜನಕ ಕೊಡುತ್ತದೆ” ಎಂಬುದೂ ತಪ್ಪು. ಅದು ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿಟ್ಟುಕೊಳ್ಳುತ್ತದೆ, ಆಮ್ಲಜನಕ ಹುಟ್ಟುವುದಕ್ಕೆ ಮಾತ್ರ ಬೆಳಕೇ ಬೇಕು.

ದೊಡ್ಡ ಅಪಾಯ ಕುಂಡದ ಕೆಳಗಿನ ತಟ್ಟೆಯಲ್ಲಿ

ಹೂದೋಟದಿಂದ ಮನೆಗೆ ಬರುವ ದಿನನಿತ್ಯದ ತೊಂದರೆ ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ: ಕುಂಡದ ತಟ್ಟೆ, ಮನಿ ಪ್ಲಾಂಟ್ ಇಟ್ಟ ಬಾಟಲಿ, ತಾರಸಿಯಲ್ಲಿ ಬಿಟ್ಟ ಖಾಲಿ ಕುಂಡ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ವಾರಕ್ಕೊಮ್ಮೆ ತಟ್ಟೆಯನ್ನು ಉಜ್ಜಿ ತೊಳೆಯಿರಿ, ಇಲ್ಲವೇ ಮರಳು ತುಂಬಿಸಿ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ತಂದು, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ನಿಗದಿಪಡಿಸಿದೆ.

ಹಾಗಾದರೆ ಏನು ನೆಡಬಹುದು?

ಮಕ್ಕಳು, ಸಾಕುಪ್ರಾಣಿಗಳಿರುವ ಮನೆಗೆ ದಾಸವಾಳ, ಗುಲಾಬಿ, ಮಲ್ಲಿಗೆ, ಕನಕಾಂಬರ, ಚೆಂಡುಹೂ ಒಳ್ಳೆಯ ಆಯ್ಕೆ. ಜಿಐ ಮಾನ್ಯತೆ ಇರುವ ಮೈಸೂರು ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆ ಬಿಸಿಲು, ನೀರು ನಿಲ್ಲದ ಮಣ್ಣು ಬೇಕು. ಹೂ ಮುಗಿದ ಮೇಲೆ ಸವರಿದರೆ ಹೊಸ ಚಿಗುರಿನಲ್ಲಿ ಮತ್ತೆ ಮೊಗ್ಗು ಬರುತ್ತದೆ. ಬೋಗನ್‌ವಿಲ್ಲಾಕ್ಕೆ ಮುಳ್ಳಿದೆ, ಓಡಾಡುವ ದಾರಿಯಿಂದ ದೂರವಿರಲಿ. ಅದಕ್ಕೆ ನೀರು ಹೆಚ್ಚಾದರೆ ಎಲೆ ಜಾಸ್ತಿ, ಹೂ ಕಮ್ಮಿ.

ಚಪ್ಪರಕ್ಕೆ ಬಳ್ಳಿ ಬೇಕೆಂದರೆ ಹೆಸರಿನಲ್ಲೇ ಮೈಸೂರು ಇರುವ ಒಂದಿದೆ: ಥುನ್‌ಬರ್ಜಿಯಾ ಮೈಸೊರೆನ್ಸಿಸ್. ಪಶ್ಚಿಮ ಘಟ್ಟದ ಈ ಬಳ್ಳಿಯಲ್ಲಿ ಕೆಂಪು-ಹಳದಿ ಹೂಗೊಂಚಲು ಮಾರುದ್ದ ಇಳಿಬೀಳುತ್ತದೆ, ಮಕರಂದಕ್ಕೆ ಸೂರಕ್ಕಿಗಳು ಬರುತ್ತವೆ. ಗಟ್ಟಿ ಚಪ್ಪರ ಮಾತ್ರ ಬೇಕು.

ಈಗಾಗಲೇ ಕಣಗಿಲೆ ಇದ್ದರೆ ಕೀಳಲೇಬೇಕೆಂದಿಲ್ಲ. ಮಕ್ಕಳಿಗೆ ಗಿಡ ತೋರಿಸಿ “ಇದು ಬಾಯಿಗಲ್ಲ” ಎಂದು ಹೇಳಿಕೊಡಿ. ತೀರಾ ಪುಟ್ಟ ಮಕ್ಕಳಿದ್ದರೆ ಬೇರೆ ಗಿಡ ಹಾಕುವುದೇ ವಾಸಿ.

ಮಗು ಎಲೆ, ಬೀಜ ಬಾಯಿಗೆ ಹಾಕಿಕೊಂಡರೆ

- ಬಾಯಲ್ಲಿ ಉಳಿದಿದ್ದನ್ನು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಬಾಯಿ ಮುಕ್ಕಳಿಸಿ.
- ಉಪ್ಪುನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ.
- ಕಣ್ಣಿಗೆ ರಸ ಬಿದ್ದರೆ 15 ನಿಮಿಷ ಶುದ್ಧ ನೀರಿನಲ್ಲಿ ತೊಳೆಯಿರಿ.
- ಗಿಡದ ಎಲೆ, ಹೂ, ಕಾಯಿ ಕಾಣುವಂತೆ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ವೈದ್ಯರಿಗೆ ಇದು ತುಂಬ ಉಪಯೋಗ.
- ಕಣಗಿಲೆ, ಉಮ್ಮತ್ತಿ, ಗುಲಗಂಜಿ, ಹರಳು, ಅಗ್ನಿಶಿಖೆ ಎಂಬ ಅನುಮಾನವಿದ್ದರೆ ಲಕ್ಷಣಕ್ಕೆ ಕಾಯದೆ ಹೊರಡಿ, ಅಥವಾ 108ಕ್ಕೆ ಕರೆ ಮಾಡಿ. ಕೆಲವು ವಿಷಗಳ ಪರಿಣಾಮ ಕಾಣಲು ಗಂಟೆಗಳೇ ಬೇಕು. ಕಣಗಿಲೆಯಾದರೆ ಇಸಿಜಿ ಮಾಡಿ ನಿಗಾ ಇಡಬೇಕಾಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಗಿಡದ ಬಗ್ಗೆ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಚಿತ್ರದಲ್ಲಿರುವುದು ಹೆಸರಿಸಿದ ಗಿಡವೇ? ಯಾವ ಭಾಗ, ಹೇಗೆ ತೊಂದರೆ ಮಾಡುತ್ತದೆಂದು ಹೇಳಿದೆಯೇ? ತೊಂದರೆಯಾದರೆ ಏನು ಮಾಡಬೇಕೆಂದು ತಿಳಿಸಿದೆಯೇ? ಬರೀ ಹೆದರಿಸಿ “ಎಲ್ಲರಿಗೂ ಕಳಿಸಿ” ಎನ್ನುವ ಸಂದೇಶದಿಂದ ಯಾವ ಮಗುವಿಗೂ ರಕ್ಷಣೆ ಸಿಗುವುದಿಲ್ಲ. ಕಳಿಸಲೇಬೇಕೆಂದರೆ ಎರಡು ಸಾಲು ಸಾಕು: ಕಣಗಿಲೆ ಬಾಯಿಗೆ ಬೇಡ, ಕುಂಡದ ತಟ್ಟೆಯಲ್ಲಿ ನೀರು ಬೇಡ.